ಕರೆಗಂಟೆಯ ಮೇಲೆ ಊರ ಹೆಸರು

ಜರ್ಮನಿಯ ಊರುಗಳಲ್ಲಿ ಬಾಡಿಗೆ ಮನೆಗಳ ಕಟ್ಟಡದ ಮುಂದೆ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಕರೆಗಂಟೆಗಳ ಸಾಲು. ಪ್ರತಿ ಗುಂಡಿಯ ಪಕ್ಕದಲ್ಲೂ ಒಂದು ಪುಟ್ಟ ಚೀಟಿ. ಅದರ ಮೇಲೆ ಮನೆ ನಂಬರು ಇರುವುದು ಅಪರೂಪ, ಅಡ್ಡಹೆಸರು ಇರುತ್ತದೆ. ಕೆಳಗಿನ ಅಂಚೆ ಪೆಟ್ಟಿಗೆಗಳ ಮೇಲೂ ಅದೇ ಹೆಸರು. ಅಂಚೆಯವನು ನೋಡುವುದು ಅದನ್ನೇ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ವಿಳಾಸ ಎಷ್ಟೇ ಸರಿಯಿದ್ದರೂ ಕಾಗದ ವಾಪಸು ಹೋಗುತ್ತದೆ. ಹಾಗಾಗಿ ಒಂದು ಸೆಮಿಸ್ಟರ್ ಓದಲೆಂದು ಅಲ್ಲಿಗೆ ಹೋಗಿ ಇಳಿದವರಿಗೆ ಮೊದಲೇ ಬಂದು ಪಳಗಿದವರು ಹೇಳುವ ಬುದ್ಧಿಮಾತು ಊಟದ್ದೂ ಅಲ್ಲ, ಚಳಿಯದ್ದೂ ಅಲ್ಲ. ಮೊದಲು ಹೆಸರು ಅಂಟಿಸು, ಆಮೇಲೆ ಮಿಕ್ಕಿದ್ದು.

ಬಂದವರ ಅಡ್ಡಹೆಸರು ಗುಡೂರ ಎಂದಿಟ್ಟುಕೊಳ್ಳಿ. ಉತ್ತರ ಕರ್ನಾಟಕದಲ್ಲಿ ಊರೇ ಅಡ್ಡಹೆಸರಾಗುವುದು ಹೊಸದಲ್ಲ. ಬಾದಾಮಿ, ಇಳಕಲ್ಲ, ಹುನಗುಂದ, ಗುಡೂರ ಎಲ್ಲವೂ ಹಾಜರಿ ಪುಸ್ತಕದಲ್ಲಿ ಮನುಷ್ಯರಾಗಿ ಎದ್ದು ನಿಂತು ‘ಎಸ್ ಸರ್’ ಎನ್ನುತ್ತವೆ. ಪಾಸ್‌ಪೋರ್ಟಿನ ‘ಸರ್‌ನೇಮ್’ ಕಲಮಿನ ಮಟ್ಟಿಗೆ ಇದು ದೊಡ್ಡ ಅನುಕೂಲ. ಅಪ್ಪನ ಹೆಸರಿನ ಮೊದಲಕ್ಷರವನ್ನಷ್ಟೇ ಹೊತ್ತು ತಿರುಗುವ ಹಳೇ ಮೈಸೂರಿನ ಕಡೆಯವರು ಆ ಕಲಮಿನ ಮುಂದೆ ತಬ್ಬಿಬ್ಬಾಗುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಬಂದು ಕೂರುವುದುಂಟು. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ ಅವರನ್ನು ಅದೇ ಹೆಸರಿನಿಂದ ಕೂಗಿದ ಕತೆಗಳಿಗೂ ಬರವಿಲ್ಲ.

ಇಳಕಲ್ ತಾಲ್ಲೂಕಿನ ಗುಡೂರಿನಿಂದ ಇಳಕಲ್ಲು, ಹುನಗುಂದ, ಬಾದಾಮಿ, ಬಾಗಲಕೋಟೆ ಯಾವುದೂ ದೂರವಲ್ಲ. ಆದರೆ ಇಲ್ಲಿಯ ಮಕ್ಕಳಿಗೆ ‘ಓದಾಕ ಹೊರಗ ಹೋಗೋದು’ ಎಂದರೆ ಬಹುಕಾಲ ಧಾರವಾಡವೇ. ಆ ಧಾರವಾಡಕ್ಕೆ ಹೋದವರ ಬೆನ್ನಿಗೆ ಒಂದು ಬುತ್ತಿಯೂ ಹೋಗುತ್ತಿತ್ತು. ಬೆಳಗ್ಗೆ ಅವ್ವ ಬಡಿದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ ಅರಿವೆಯಲ್ಲಿ ಕಟ್ಟಿಸಿಕೊಂಡು, ಮೇಲೆ ಹೆಸರು ಬರೆಸಿಕೊಂಡು, ಸಾರಿಗೆ ಬಸ್ಸಿನ ಡ್ರೈವರ್ ಸೀಟಿನ ಹಿಂದೆ ಕೂತು ಪ್ರಯಾಣ ಮಾಡುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಬಸ್‌ ನಿಲ್ದಾಣದಲ್ಲಿ ಹುಡುಗರು ಬುತ್ತಿ ಇಳಿಸಿಕೊಳ್ಳಲು ಕಾಯುತ್ತಿದ್ದರು. ರೂಮಿನಲ್ಲಿ ಬುತ್ತಿ ಬಿಚ್ಚಿದವನು ಒಬ್ಬನಾದರೂ ಉಣ್ಣುವವರು ನಾಲ್ಕು ಮಂದಿ. ಈ ಪದ್ಧತಿ ಇನ್ನೂ ಪೂರ್ತಿ ಸತ್ತಿಲ್ಲ.

ವಿದೇಶದ ಸೆಮಿಸ್ಟರ್ ಎಂದರೆ ಬುತ್ತಿ ತಲುಪದ ಊರಿನಲ್ಲಿ ಐದಾರು ತಿಂಗಳು. ಪೂರ್ತಿ ಪದವಿಗೆ ಹೋಗುವವರ ಕತೆ ಬೇರೆ. ಅವರು ಬೇರು ಬಿಡಲು ಹೋಗುತ್ತಾರೆ, ಸಾಲದ ಕಂತಿನ ಲೆಕ್ಕವೂ ಉದ್ದದ್ದು. ಒಂದೇ ಸೆಮಿಸ್ಟರಿಗೆ ಹೋಗುವವರಿಗೆ ಬೇರು ಬಿಡಲು ಹೊತ್ತಿಲ್ಲ, ಬಿಡದಿದ್ದರೆ ಹೋದದ್ದಕ್ಕೆ ಅರ್ಥವಿಲ್ಲ. ಅವರ ಹೆಸರು ಇಲ್ಲಿಯ ಕಾಲೇಜಿನ ಹಾಜರಿಯಲ್ಲೂ ಇರುತ್ತದೆ, ಅಲ್ಲಿಯ ಅಂಚೆ ಪೆಟ್ಟಿಗೆಯ ಮೇಲೂ ಇರುತ್ತದೆ.

ಓದಿಗಾಗಿ ಗಡಿ ದಾಟಿದವರ ಹೆಜ್ಜೆ ಈ ನೆಲಕ್ಕೆ ಅಪರಿಚಿತವೇನಲ್ಲ. ಚೀನಾದ ಹ್ಯೂಯೆನ್ ತ್ಸಾಂಗ್ ಏಳನೆಯ ಶತಮಾನದಲ್ಲಿ ಬೌದ್ಧ ಗ್ರಂಥಗಳನ್ನು ಓದಲೆಂದೇ ಭಾರತಕ್ಕೆ ಬಂದವನು. ದೇಶ ಬಿಡಬಾರದೆಂಬ ಅರಸನ ಅಪ್ಪಣೆ ಮೀರಿ ಕದ್ದು ಹೊರಟವನಾದ್ದರಿಂದ ಅವನನ್ನು ವೀಸಾ ಇಲ್ಲದ ವಿದ್ಯಾರ್ಥಿ ಎನ್ನಲಡ್ಡಿಯಿಲ್ಲ. ನಾಲಂದದಲ್ಲಿ ವರ್ಷಗಟ್ಟಲೆ ಓದಿ, ಸುಮಾರು 641ರ ಹೊತ್ತಿಗೆ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯ ಶಾಸನ ಕೆತ್ತಿ ಆಗಿನ್ನೂ ಏಳೆಂಟು ವರ್ಷ. ಇಲ್ಲಿಯ ಜನ ಎತ್ತರದವರು, ಸ್ವಾಭಿಮಾನಿಗಳು, ಉಪಕಾರ ಮರೆಯದವರು, ಅವಮಾನವನ್ನೂ ಮರೆಯದವರು ಎಂಬರ್ಥದ ಮಾತನ್ನು ಅವನು ಬರೆದಿಟ್ಟ. ಕೊನೆಯ ಮಾತನ್ನು ಈ ಭಾಗದ ಯಾರಾದರೂ ಇವತ್ತಿಗೂ ಒಪ್ಪಿಯಾರು. 645ರಲ್ಲಿ ಅವನು ಊರಿಗೆ ಮರಳಿದಾಗ ಜೊತೆಗಿದ್ದದ್ದು 657 ಗ್ರಂಥಗಳು.

ಇನ್ನೂ ಹತ್ತಿರದ ನೆನಪು ಗುಳೇದಗುಡ್ಡದ್ದು. ನೇಕಾರರ ಆ ಊರಿನಲ್ಲಿ 1851ರಲ್ಲೇ ಬಾಸೆಲ್ ಮಿಷನ್ನಿನ ಠಾಣೆ ಶುರುವಾಯಿತು. ಜರ್ಮನಿ, ಸ್ವಿಟ್ಜರ್ಲೆಂಡಿನ ಕಡೆಯ ತರುಣರು ಬಂದು ಮಾಡಬೇಕಿದ್ದ ಮೊದಲ ಕೆಲಸ ಕನ್ನಡ ಕಲಿಯುವುದು. ಅದೇ ಮಿಷನ್ನಿನಿಂದ 1853ರಲ್ಲಿ ಕರ್ನಾಟಕಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಕಲಿಯುತ್ತ ಕಲಿಯುತ್ತ 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನೇ ಕೊಟ್ಟುಹೋದರು. 1903ರಲ್ಲಿ ಅವರು ತೀರಿಕೊಂಡದ್ದು ಜರ್ಮನಿಯ ಟ್ಯೂಬಿಂಗನ್ನಿನಲ್ಲಿ, ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದೂ ಅದೇ ಊರಿನ ವಿಶ್ವವಿದ್ಯಾಲಯ. ಈಗ ದಾರಿ ತಿರುಗಿದೆ. ಬಾಗಲಕೋಟೆಯ ಕಡೆಯ ಮಕ್ಕಳು ಯೂಟ್ಯೂಬ್ ನೋಡಿಕೊಂಡು ಜರ್ಮನ್ನಿನ ‘ಡೇರ್, ಡೀ, ಡಾಸ್’ ಬಾಯಿಪಾಠ ಮಾಡುತ್ತಾರೆ.

ಸೆಮಿಸ್ಟರ್ ಮಟ್ಟಿಗೆ ಪರದೇಶಕ್ಕೆ ಹೋಗಿಬರುವುದನ್ನು ಯುರೋಪು ಒಂದು ವ್ಯವಸ್ಥೆಯಾಗಿ ಮಾಡಿದ್ದು 1987ರಲ್ಲಿ. ಎರಾಸ್ಮಸ್ ಎಂಬ ಹೆಸರಿನ ಆ ಯೋಜನೆಯಲ್ಲಿ ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಅದಲುಬದಲಾದರು. ಈಗ ಅದು ಯುರೋಪಿನ ಹೊರಗಿನ ವಿಶ್ವವಿದ್ಯಾಲಯಗಳಿಗೂ ಬಾಗಿಲು ತೆರೆದಿದೆ. ಒಪ್ಪಂದವಿರುವ ಕಡೆ ಪ್ರಯಾಣದ ಖರ್ಚು, ತಿಂಗಳ ಖರ್ಚು ಎರಡಕ್ಕೂ ನೆರವಿದೆ. ನಮ್ಮಲ್ಲಿ ಯುಜಿಸಿ 2022ರಲ್ಲಿ ತಂದ ನಿಯಮದ ಪ್ರಕಾರ, ವಿದೇಶಿ ಸಂಸ್ಥೆಯ ಜೊತೆಗೂಡಿ ನಡೆಸುವ ‘ಟ್ವಿನ್ನಿಂಗ್’ ಕೋರ್ಸಿನ ವಿದ್ಯಾರ್ಥಿ ತನ್ನ ಕ್ರೆಡಿಟ್‌ಗಳಲ್ಲಿ ಶೇ 30ರವರೆಗೆ ವಿದೇಶಿ ಸಂಸ್ಥೆಯಲ್ಲಿ ಗಳಿಸಬಹುದು. ಕಾಗದದ ಮೇಲೆ ದಾರಿ ಸಲೀಸು. ಆದರೆ ಪಂಚಾಂಗ ಕೂಡುವುದಿಲ್ಲ. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31, ಬೇಸಿಗೆಯದ್ದು ಏಪ್ರಿಲ್‌ನಿಂದ ಸೆಪ್ಟೆಂಬರ್. ಅಲ್ಲಿ ಪರೀಕ್ಷೆ ಮುಗಿದು ಫಲಿತಾಂಶ ಬರುವಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರ್ ಅರ್ಧ ಓಡಿರುತ್ತದೆ. ಯಾವ ವಿಷಯಕ್ಕೆ ಯಾವುದು ಸಮ ಎಂಬ ಒಪ್ಪಂದವನ್ನು ಹೊರಡುವ ಮೊದಲೇ ಇಲ್ಲಿಯ ವಿಭಾಗದ ಮುಖ್ಯಸ್ಥರಿಂದ ಬರೆಸಿ, ಸಹಿ ಹಾಕಿಸಿಕೊಳ್ಳದಿದ್ದರೆ ಮರಳಿ ಬಂದವರು ಅದೇ ಪಾಠಕ್ಕೆ ಮತ್ತೆ ಪರೀಕ್ಷೆ ಬರೆಯುವ ಪಾಳಿ ಬರುತ್ತದೆ. ಬಾಯಿಮಾತಿನ ‘ನೋಡೋಣ ಬಿಡ್ರಿ’ ಇಲ್ಲಿ ಕೆಲಸಕ್ಕೆ ಬಾರದು.

ರೊಕ್ಕದ ಮಾತು. ವಿದ್ಯಾರ್ಥಿ ವೀಸಾ ಕೊಡುವ ಮೊದಲು ಜರ್ಮನಿ ಖರ್ಚಿಗೆ ಹಣವಿದೆ ಎಂಬ ಪುರಾವೆ ಕೇಳುತ್ತದೆ. 2024ರ ಸೆಪ್ಟೆಂಬರ್‌ನಿಂದ ಅದು ತಿಂಗಳಿಗೆ 992 ಯೂರೊ, ವರ್ಷಕ್ಕೆ 11,904. ಹಣ ಒಂದು ತಡೆಹಿಡಿದ ಖಾತೆಯಲ್ಲಿ ಕೂತಿರಬೇಕು, ತಿಂಗಳಿಗೆ ಒಂದೊಂದು ಕಂತು ಮಾತ್ರ ಕೈಗೆ ಸಿಗುತ್ತದೆ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ವಿದೇಶಿ ಓದಿಗೆ ನೆರವಾಗಲೆಂದೇ ಬಂದದ್ದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿ ವೇತನ ಸ್ನಾತಕೋತ್ತರ ಓದಿಗೆ, ಪಿಎಚ್.ಡಿ.ಗೆ. ಒಂದೇ ಸೆಮಿಸ್ಟರಿನ ವಿನಿಮಯಕ್ಕೆ ಹೊರಟವರಿಗೆ ಇಂಥ ದೊಡ್ಡ ನೆರವು ಸಿಗುವುದು ಕಷ್ಟ. ಅವರ ಆಸರೆ ಕಾಲೇಜುಗಳ ನಡುವಿನ ಒಪ್ಪಂದ, ಇಲ್ಲವೇ ಅಪ್ಪನ ಹೊಲದ ಮೇಲಿನ ಸಾಲ.

ವಿಮಾನ ಇಳಿದ ಮೇಲೆ ಶುರುವಾಗುವುದು ಕಾಗದಗಳ ಸರಪಳಿ. ಮನೆ ಹೊಕ್ಕ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಾಸದ ನೋಂದಣಿ ಆಗಬೇಕು. ಅದಕ್ಕೆ ಮನೆ ಮಾಲೀಕನ ಸಹಿ ಬೇಕು. ನೋಂದಣಿ ಚೀಟಿಯಿಲ್ಲದೆ ಮುಂದಿನ ಕಚೇರಿಗಳಲ್ಲಿ ಹೆಜ್ಜೆ ಮುಂದೆ ಹೋಗದು. ಆರೋಗ್ಯ ವಿಮೆಯಿಲ್ಲದೆ ಕಾಲೇಜಿನ ದಾಖಲಾತಿ ಇಲ್ಲ, ದಾಖಲಾತಿಯಿಲ್ಲದೆ ವಿದ್ಯಾರ್ಥಿ ಬಸ್ ಪಾಸಿಲ್ಲ. ತಹಶೀಲ್ದಾರ್ ಕಚೇರಿಯಲ್ಲಿ ಜಾತಿ–ಆದಾಯ ಪ್ರಮಾಣಪತ್ರಕ್ಕೆ ಸರತಿ ನಿಂತವರಿಗೆ ಇದೇನು ಹೊಸದಲ್ಲ, ವ್ಯತ್ಯಾಸ ಒಂದೇ: ಇಲ್ಲಿ ಸರತಿಯಲ್ಲಿ ನಿಂತು ಕಾಯಬೇಕು, ಅಲ್ಲಿ ಮುಂಚೆ ಪಡೆದ ಹೊತ್ತಿಗಾಗಿ ವಾರಗಟ್ಟಲೆ ಮನೆಯಲ್ಲಿ ಕೂತು ಕಾಯಬೇಕು. ಹೆಸರು ನೋಂದಾಯಿಸಿದ ಕೆಲವೇ ದಿನಗಳಲ್ಲಿ ಪೆಟ್ಟಿಗೆಗೆ ಬೀಳುವ ಮೊದಲ ಕಾಗದಗಳಲ್ಲಿ ಒಂದು ರೇಡಿಯೊ–ಟಿವಿ ಶುಲ್ಕದ್ದು. ಮನೆಗೆ ತಿಂಗಳಿಗೆ 18.36 ಯೂರೊ. ಮನೆಯಲ್ಲಿ ಟಿವಿಯೂ ಇಲ್ಲ, ರೇಡಿಯೊವೂ ಇಲ್ಲ ಎಂದರೂ ಕಟ್ಟಬೇಕು. ಮನೆಗೊಂದೇ ಶುಲ್ಕವಾದ್ದರಿಂದ ಜೊತೆಗಿರುವವರು ಹಂಚಿಕೊಳ್ಳಬಹುದು ಎಂಬುದಷ್ಟೇ ಸಮಾಧಾನ.

ಶನಿವಾರ ರಾತ್ರಿ ಹೋಗಿ ಇಳಿದವರ ಪಾಡು ಕೇಳಬೇಡಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಬಿಸ್ಕತ್ತಿನ ಪೊಟ್ಟಣದಲ್ಲಿ ದಿನ ತೆಗೆದವರು ಮರುವಾರದಿಂದ ಶನಿವಾರವೇ ಎಲ್ಲ ತಂದಿಡುತ್ತಾರೆ. ಇದು ಸಂತೆಯ ಗಣಿತ, ಹಳ್ಳಿಯಲ್ಲಿ ಬೆಳೆದವರಿಗೆ ರಕ್ತದಲ್ಲೇ ಇರುವುದು. ಸಂತೆ ತಪ್ಪಿದರೆ ವಾರ ತಪ್ಪಿತು ಎಂಬ ಲೆಕ್ಕವನ್ನು ಬೆಂಗಳೂರಿನಲ್ಲಿ ನಡುರಾತ್ರಿ ಮೊಬೈಲಿನಲ್ಲಿ ಹಾಲು ತರಿಸಿಕೊಂಡವರು ಹೊಸದಾಗಿ ಕಲಿಯಬೇಕು. ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ, ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರದ ಬಾಯಿಗೆ ಕೊಟ್ಟರೆ ಹಣ ವಾಪಸ್. ಗೋಲಿ ಸೋಡಾದ ಬಾಟ್ಲಿ ತಿರುಗಿಸಿ ಕೊಟ್ಟು ರೊಕ್ಕ ಇಸಕೊಂಡ ತಲೆಮಾರಿನವರು ಇದನ್ನು ಕೇಳಿದರೆ ನಕ್ಕಾರು.

ಇನ್ನು ಬುತ್ತಿ. ಯುರೋಪಿನ ಒಕ್ಕೂಟ ಹೊರದೇಶದ ಪ್ರಯಾಣಿಕರ ಸಾಮಾನಿನಲ್ಲಿ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟುಕೊಳ್ಳುವುದಿಲ್ಲ. ದನಕರುಗಳ ರೋಗ ಗಡಿ ದಾಟಬಾರದೆಂಬುದು ಕಾರಣ. ಅಂದರೆ ಅವ್ವ ಕಾಸಿ ಡಬ್ಬಿಗೆ ತುಂಬಿದ ತುಪ್ಪಕ್ಕೆ ಕುತ್ತು. ಧಾರವಾಡದ ಫೇಡೆಯ ಮೇಲೂ ಅಧಿಕಾರಿಯ ಕಣ್ಣು ಬಿದ್ದೀತು. ಈ ಕಟ್ಟುಪಾಡಿನ ನಡುವೆ ತಲೆಯೆತ್ತಿ ಒಳಗೆ ಹೋಗುವುದು ಬಾಗಲಕೋಟೆಯ ಖಡಕ್ ರೊಟ್ಟಿ. ಬರೀ ಜೋಳದ ಹಿಟ್ಟು, ನೀರು. ಹಾಲಿಲ್ಲ, ಎಣ್ಣೆಯಿಲ್ಲ, ತೇವವೂ ಇಲ್ಲ. ಗಾಳಿಯಾಡದಂತೆ ಕಟ್ಟಿಟ್ಟರೆ ತಿಂಗಳುಗಟ್ಟಲೆ ಕೆಡದು. ಹೊಲಕ್ಕೆ, ಜಾತ್ರೆಗೆ, ಪಾದಯಾತ್ರೆಗೆ ಕಟ್ಟಿಕೊಂಡು ಹೋಗಲು ಬಂದ ರೊಟ್ಟಿ ವಿಮಾನಕ್ಕೂ ಒಗ್ಗಿತು. ಸೂಟ್‌ಕೇಸಿನಲ್ಲಿ ಅರ್ಧದಷ್ಟು ಚೂರಾಗುತ್ತದೆ, ನಿಜ. ಚೂರನ್ನು ಮೊಸರಿನಲ್ಲಿ ನೆನೆಸಿ, ಮೇಲೆ ಗುರೆಳ್ಳು ಹಿಂಡಿ ಉದುರಿಸಿ ಉಂಡರೆ ಒಡೆದದ್ದರ ದುಃಖ ಇರುವುದಿಲ್ಲ. ರಂಜಕದ ಬಾಟಲಿಯನ್ನು ಮಾತ್ರ ಮೂರು ಕವರಿನಲ್ಲಿ ಸುತ್ತಬೇಕು. ಒಮ್ಮೆ ಒಡೆಯಿತೆಂದರೆ ಚಳಿಗಾಲದ ಕೋಟಿಗೆ ಇಡೀ ಸೆಮಿಸ್ಟರ್ ಬೆಳ್ಳುಳ್ಳಿ ವಾಸನೆ.

ಒಗ್ಗರಣೆಗೆ ಬೇರೆ ಶತ್ರುವಿದೆ. ವಿದ್ಯಾರ್ಥಿ ವಸತಿಯ ಸೂರಿನಲ್ಲಿ ಹೊಗೆ ಪತ್ತೆ ಯಂತ್ರ ಕೂತಿರುತ್ತದೆ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಹೊಗೆಗೂ ಮನೆಗೆ ಬೆಂಕಿ ಬಿದ್ದ ಹೊಗೆಗೂ ಅದಕ್ಕೆ ವ್ಯತ್ಯಾಸ ತಿಳಿಯದು. ಇಡೀ ಕಟ್ಟಡದವರು ರಾತ್ರಿ ಚಡ್ಡಿ–ಚಪ್ಪಲಿಯಲ್ಲೇ ಹೊರಗೆ ಬಂದು ಚಳಿಯಲ್ಲಿ ನಿಂತಾಗ, ಯಾರ ಸಾರಿನಿಂದ ಈ ಪಾಡು ಎಂದು ಯಾರೂ ಹೇಳಬೇಕಾಗುವುದಿಲ್ಲ. ಇಂಥ ರಾತ್ರಿಯ ಮರುದಿನ ಪರಿಚಯಗಳು ಬೇಗ ಬೆಳೆಯುತ್ತವೆ ಎಂಬುದೂ ಸುಳ್ಳಲ್ಲ.

ಹೊರಗಿನವರು ಊಹಿಸುವಂತೆ ಊಟ, ಚಳಿಗಳೇ ದೊಡ್ಡ ಕಷ್ಟವಲ್ಲ. ಅವಕ್ಕೆ ಅಂಗಡಿಯಲ್ಲಿ ಮದ್ದಿದೆ. ದೊಡ್ಡ ಕಷ್ಟ ತರಗತಿಯದ್ದು.

ಹೊತ್ತಿನಿಂದಲೇ ಶುರುಮಾಡೋಣ. ಜರ್ಮನ್ನರ ಸಮಯಪಾಲನೆಯ ಬಗ್ಗೆ ಕೇಳಿಕೊಂಡು ಹತ್ತಕ್ಕೆ ಐದು ನಿಮಿಷ ಮೊದಲೇ ಹೋಗಿ ಕೂತವನಿಗೆ ಖಾಲಿ ಕೊಠಡಿ ಕಾದಿರುತ್ತದೆ. ವೇಳಾಪಟ್ಟಿಯಲ್ಲಿ ‘10 ಸಿ.ಟಿ.’ ಎಂದಿದ್ದರೆ ಪಾಠ 10.15ಕ್ಕೆ ಎಂದರ್ಥ. ಇದು ವಿಶ್ವವಿದ್ಯಾಲಯಗಳ ಹಳೆಯ ಕಾಲು ಗಂಟೆ, ಲ್ಯಾಟಿನ್ ಕಾಲದಿಂದ ಬಂದ ರಿಯಾಯಿತಿ. ಪಾಠ ಮುಗಿದಾಗ ಚಪ್ಪಾಳೆಯಿಲ್ಲ, ಎಲ್ಲರೂ ಬೆರಳಗಂಟಿನಿಂದ ಮೇಜು ಬಡಿಯುತ್ತಾರೆ. ನಮ್ಮಲ್ಲಿ ಮೇಜು ಬಡಿಯುವುದನ್ನು ವಿಧಾನಸೌಧದಲ್ಲಿ ಮಾತ್ರ ನೋಡಿದವರು ಮೊದಲ ದಿನ ಬೆಚ್ಚುತ್ತಾರೆ.

ಕರೆಯುವ ಬಗೆಯೂ ಬೇರೆ. ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಎಷ್ಟೋ ಪ್ರಾಧ್ಯಾಪಕರು ತಮ್ಮನ್ನು ಹೆಸರು ಹಿಡಿದೇ ಕರೆಯಿರಿ ಎನ್ನುತ್ತಾರೆ. ಬಾಯಿ ತೆರೆದರೆ ‘ಸರ್’ ಎನ್ನುವ ಹುಡುಗಿಗೆ ಆ ಹೆಸರು ಗಂಟಲಲ್ಲೇ ನಿಲ್ಲುತ್ತದೆ. ಊರಿಗೆ ಫೋನಿನಲ್ಲಿ ಇದನ್ನು ಹೇಳಿದರಂತೂ, ‘ಮಾಸ್ತರಗ ಹೆಸರ ಹಿಡದ ಕರೀತೀಯೇನ? ಇದನ್ನ ಕಲ್ಯಾಕ ಅಷ್ಟ ದೂರ ಹೋಗಬೇಕಾಗಿತ್ತೇನವಾ?’ ಎಂಬ ಪ್ರಶ್ನೆ ಖಂಡಿತ. ಜರ್ಮನಿಯಲ್ಲಿ ಅಷ್ಟು ಸಲಿಗೆಯಿಲ್ಲ. ಅಲ್ಲಿಯ ಭಾಷೆಯಲ್ಲಿ ಕನ್ನಡದ ಹಾಗೆ ನೀನು–ನೀವು ಬೇರೆಬೇರೆ. ಇಂಗ್ಲಿಷಿನ ಒಂದೇ ‘ಯು’ ಗಿಂತ ಜರ್ಮನ್ನಿನ ಈ ಮರ್ಯಾದೆಯ ಲೆಕ್ಕ ಕನ್ನಡದ ಕಿವಿಗೆ ಹೆಚ್ಚು ಹತ್ತಿರ. ಯಾರಿಗೆ ಯಾವಾಗ ‘ನೀನು’ ಎನ್ನಬಹುದು ಎಂಬ ಸೂಕ್ಷ್ಮವನ್ನು ಗುಡೂರಿನ ಕಟ್ಟೆಯಲ್ಲಿ ಬೆಳೆದವರಿಗೆ ಕಲಿಸಬೇಕಿಲ್ಲ.

ಅಂಕಗಳ ಆಘಾತ ಇನ್ನೊಂದು. ಇಲ್ಲಿ ಡಿಸ್ಟಿಂಕ್ಷನ್ನಿನಲ್ಲಿ ಪಾಸಾದವರಿಗೆ ಬ್ರಿಟನ್ನಿನ ಮೊದಲ ಪ್ರಬಂಧದ ಮೇಲೆ 62 ಬಿದ್ದಿರುತ್ತದೆ. ಕಣ್ಣೀರು ಬರುವಷ್ಟರಲ್ಲಿ ಪಕ್ಕದವರು ಹೇಳುತ್ತಾರೆ: ಇಲ್ಲಿ 70 ಎಂದರೆ ಮೊದಲ ದರ್ಜೆ, 62 ಒಳ್ಳೆಯದೇ. ಜರ್ಮನಿಯಲ್ಲಿ ಲೆಕ್ಕವೇ ತಲೆಕೆಳಗು. 1.0 ಅತ್ಯುತ್ತಮ, 4.0ಕ್ಕೆ ಪಾಸು, 5.0 ನಪಾಸು. ‘ಐದಕ್ಕೆ ಐದು ಬಂತು’ ಎಂದು ಊರಿಗೆ ಸುದ್ದಿ ಕಳಿಸುವ ಮೊದಲು ಯೋಚಿಸಬೇಕು. ಒಂದು ಸೆಮಿಸ್ಟರಿಗೆ ಸಾಮಾನ್ಯವಾಗಿ 30 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಯ ದುಡಿಮೆ ಎಂದು ಯುರೋಪಿನ ಲೆಕ್ಕ. ಅದರಲ್ಲಿ ಪಾಠ ಕೇಳುವ ಗಂಟೆಗಳು ಕಡಿಮೆ. ಉಳಿದದ್ದೆಲ್ಲ ಗ್ರಂಥಾಲಯದಲ್ಲಿ ಒಬ್ಬರೇ ಕೂತು ಓದಿ ಬರೆಯುವ ಹೊತ್ತು. ಹಿಂದಿನ ವರ್ಷದವರ ನೋಟ್ಸನ್ನು ಜೆರಾಕ್ಸ್ ಮಾಡಿಸಿ ಪರೀಕ್ಷೆಯ ಹಿಂದಿನ ವಾರ ಹಚ್ಚಿ ಓದಿದವರು ಸಿಕ್ಕಿಬೀಳುವುದು ಇಲ್ಲೇ. ಪುಸ್ತಕದ ಸಾಲನ್ನು ಇದ್ದ ಹಾಗೆ ಬರೆಯುವುದು ಇಲ್ಲಿ ಓದಿನ ಗುರುತು, ಅಲ್ಲಿ ಕಳ್ಳತನ. ಉಲ್ಲೇಖವಿಲ್ಲದೆ ಎತ್ತಿ ಬರೆದ ಒಂದು ಪುಟಕ್ಕೆ ಇಡೀ ವಿಷಯದಲ್ಲಿ ನಪಾಸಾಗಬಹುದು. ಮೋಸ ಮಾಡುವ ಉದ್ದೇಶವೇ ಇಲ್ಲದವರೂ ಈ ಹಳ್ಳಕ್ಕೆ ಬೀಳುತ್ತಾರೆ, ಯಾಕೆಂದರೆ ಹಳ್ಳ ಇದೆ ಎಂದು ಹದಿನೈದು ವರ್ಷದ ಓದಿನಲ್ಲಿ ಯಾರೂ ಅವರಿಗೆ ತೋರಿಸಿರುವುದಿಲ್ಲ. ಇದು ಮಕ್ಕಳ ತಪ್ಪೆನ್ನುವುದಕ್ಕಿಂತ ನಮ್ಮ ತರಗತಿಗಳ ತಪ್ಪು.

ಈ ದಾರಿಯಲ್ಲಿ ಮೊದಲೇ ನಡೆದವರಲ್ಲಿ ಡಿ.ಸಿ. ಪಾವಟೆಯವರ ಹೆಸರು ಈ ಸೀಮೆಯಲ್ಲಿ ದೊಡ್ಡದು. 1899ರಲ್ಲಿ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜು ಸೇರಿದವರು. 1927ರಲ್ಲಿ ಗಣಿತದಲ್ಲಿ ರ‍್ಯಾಂಗ್ಲರ್ ಆದರು, ಪ್ರಥಮ ದರ್ಜೆಯವರಿಗೆ ಅಲ್ಲಿಯ ಹೆಸರು ಅದು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ. ಬಾಗಲಕೋಟೆ ಸೀಮೆಯ ಕಾಲೇಜುಗಳ ಪದವಿಪತ್ರಗಳ ಮೇಲೆ ಆಗ ಬೀಳುತ್ತಿದ್ದದ್ದು ಆ ವಿಶ್ವವಿದ್ಯಾಲಯದ ಮೊಹರೇ. ಅವರ ಹೆಸರಿನ ಫೆಲೋಶಿಪ್ ಕರ್ನಾಟಕದವರನ್ನು ಅದೇ ಸಿಡ್ನಿ ಸಸೆಕ್ಸ್‌ಗೆ ಕೆಲವು ತಿಂಗಳ ಮಟ್ಟಿಗೆ ಕಳಿಸಿದೆ. ಕೇಂಬ್ರಿಜ್‌ನ ಪಾಠದ ಅವಧಿ ಒಂದು ಸಲಕ್ಕೆ ಎಂಟೇ ವಾರ. ಇಬ್ಬರು ಮೂವರನ್ನು ಎದುರಿಗೆ ಕೂರಿಸಿಕೊಂಡು, ಅವರು ಬರೆದು ತಂದದ್ದನ್ನು ಗುರು ಸಾಲುಸಾಲಾಗಿ ಪ್ರಶ್ನಿಸುವ ಪದ್ಧತಿ ಅಲ್ಲಿಯದು. ಹಿಂದಿನ ಬೆಂಚಿನಲ್ಲಿ ಅಡಗಿ ಕೂರುವ ಅವಕಾಶವೇ ಇಲ್ಲ.

ಸವಣೂರಿನ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋಗುವ ಹೊತ್ತಿಗೆ ಆಗಲೇ ಮೇಷ್ಟ್ರಾಗಿ ಪಾಠ ಮಾಡುತ್ತಿದ್ದವರು. ಎರಡು ವರ್ಷ ಮತ್ತೆ ಬೆಂಚಿನ ಮೇಲೆ ಕೂತು ಪ್ರಥಮ ದರ್ಜೆಯಲ್ಲಿ ಮರಳಿದರು. ಹಡಗಿನ ದಾರಿ, ಸಮುದ್ರ, ಅಲ್ಲಿಯ ನೋಟ ಎಲ್ಲ ‘ಸಮುದ್ರದಾಚೆಯಿಂದ’ ಎಂಬ ಗದ್ಯವಾಗಿ, ‘ಸಮುದ್ರ ಗೀತೆಗಳು’ ಎಂಬ ಕವಿತೆಗಳಾಗಿ ಕನ್ನಡಕ್ಕೆ ಬಂದವು. ಗಿರೀಶ ಕಾರ್ನಾಡರ ಕತೆ ಇನ್ನೂ ವಿಚಿತ್ರ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿ, ರೋಡ್ಸ್ ವಿದ್ಯಾರ್ಥಿಯಾಗಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ಸಿದ್ಧತೆಯಲ್ಲಿದ್ದಾಗ, ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದು ಕನಸು ಕಂಡಿದ್ದ ಹುಡುಗನ ಕೈಯಿಂದ ಕನ್ನಡ ನಾಟಕ ಹುಟ್ಟಿತು. ಅಪ್ಪನಿಗಾಗಿ ಮಗ ತನ್ನ ಯೌವನವನ್ನೇ ಕೊಡುವ ‘ಯಯಾತಿ’. ಪರದೇಶಕ್ಕೆ ಹೋದ ಮಗ ಮರಳಿ ಬಂದಾನೆಯೇ ಎಂಬ ಮನೆಯವರ ಆತಂಕ, ಅವರ ನಿರೀಕ್ಷೆಯ ಭಾರ ಆ ಕತೆಯೊಳಗೆ ಸೇರಿದ್ದನ್ನು ಕಾರ್ನಾಡರೇ ಮುಂದೆ ಹೇಳಿಕೊಂಡರು. ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ಅದನ್ನು ಅಚ್ಚು ಹಾಕಿದಾಗ ಬರೆದವರು ಆಕ್ಸ್‌ಫರ್ಡಿನಲ್ಲಿದ್ದರು. 1963ರಲ್ಲಿ ಅವರು ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರೂ ಆದರು.

ಅದೇ ವರ್ಷ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿ ವೇತನದ ಮೇಲೆ ಬರ್ಮಿಂಗ್‌ಹ್ಯಾಮ್‌ಗೆ ಹೋದರು. ಅಲ್ಲಿ ತಮಗೆ ಮಾರ್ಗದರ್ಶಕರಾಗಿದ್ದ ಕಾದಂಬರಿಕಾರ ಮಾಲ್ಕಂ ಬ್ರಾಡ್ಬರಿಯವರ ಜೊತೆ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಸಿನಿಮಾ ನೋಡಿದರು. ಪ್ಲೇಗಿನ ಕಾಲದ ಕತೆ, ಸ್ವೀಡಿಷ್ ಮಾತು, ಕೆಳಗೆ ಅಕ್ಷರವೂ ಇಲ್ಲ. ಯುರೋಪಿನವರು ಮಧ್ಯಯುಗವನ್ನು ಪುಸ್ತಕ ಓದಿ ಕಟ್ಟಿಕೊಳ್ಳಬೇಕು, ಆದರೆ ಭಾರತದ ಲೇಖಕನಿಗೆ ಅದು ತನ್ನ ಅಗ್ರಹಾರದಲ್ಲೇ ಬದುಕಿರುವ ಸಂಗತಿ ಎಂಬ ಮಾತು ಇಬ್ಬರ ನಡುವೆ ಬಂತು. ಅದರ ಬೆನ್ನಿಗೆ ಬರ್ಮಿಂಗ್‌ಹ್ಯಾಮ್‌ನ ಚಳಿಯಲ್ಲಿ ಬರೆದದ್ದು ಮಲೆನಾಡಿನ ಅಗ್ರಹಾರವೊಂದರ ಕತೆ. 1965ರಲ್ಲಿ ಅದು ‘ಸಂಸ್ಕಾರ’ ಎಂದು ಹೊರಬಂತು. ಡಾಕ್ಟರೇಟ್ ಬೇರೆ ಸಿಕ್ಕಿತು, ಆದರೆ ಆ ಮೂರು ವರ್ಷವನ್ನು ಕನ್ನಡಿಗರು ನೆನೆಯುವುದು ಅದಕ್ಕಾಗಿ ಅಲ್ಲ.

ಇವರೆಲ್ಲ ವರ್ಷಗಟ್ಟಲೆ ಇದ್ದವರು. ಐದು ತಿಂಗಳಿಗೆ ಹೋದವರಿಗೆ ಏನಾಗುತ್ತದೆ? ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್ಗಾರ್ಡ್ 1955ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಫುಲ್‌ಬ್ರೈಟ್ ನೆರವಿನಿಂದ ಅಮೆರಿಕಕ್ಕೆ ಹೋಗಿಬಂದ ಸುಮಾರು 200 ನಾರ್ವೆ ಜನರನ್ನು ಮಾತಾಡಿಸಿ ಬರೆದದ್ದು. ಆರು ತಿಂಗಳಿಗಿಂತ ಕಡಿಮೆ ಇದ್ದವರು ಖುಷಿಯಾಗಿದ್ದರು, ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಹೊಂದಿಕೊಂಡಿದ್ದರು. ನಡುವಿನ ಅವಧಿಯವರೇ ಹೆಚ್ಚು ಒದ್ದಾಡಿದವರು. ಇಂಗ್ಲಿಷಿನ ‘ಯು’ ಅಕ್ಷರದಂತೆ ಮೇಲಿಂದ ಇಳಿದು ಮತ್ತೆ ಏರುವ ಈ ಗೆರೆ ಅಂದಿನಿಂದ ಪಠ್ಯಪುಸ್ತಕಗಳಲ್ಲಿ ಕೂತಿದೆ. ಇದನ್ನು ನಂಬುವುದಾದರೆ ಸೆಮಿಸ್ಟರ್ ವಿದ್ಯಾರ್ಥಿಗಳು ಜೇನು ಸವಿದು, ಕಹಿ ಬರುವ ಮೊದಲೇ ಗಂಟು ಕಟ್ಟುತ್ತಾರೆ.

ಪೂರ್ತಿ ನಂಬುವುದು ಕಷ್ಟ. ನಾರ್ವೆಯವರಿಗೆ ಅಮೆರಿಕದ ಚಳಿ ಹೊಸದಲ್ಲ, ಬ್ರೆಡ್ಡೂ ಹೊಸದಲ್ಲ. ಉತ್ತರ ಕರ್ನಾಟಕದ ಬಿಸಿಲಿನಿಂದ ಹೋದವರಿಗೆ ಗೆರೆ ಬೇಗನೇ ಇಳಿಯುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಗುಡೂರಿಗೂ ಜರ್ಮನಿಗೂ ನಡುವಿನ ಅಂತರ ಮೂರೂವರೆ ಗಂಟೆಯಿಂದ ನಾಲ್ಕೂವರೆಗೆ ಹಿಗ್ಗುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ. ಆರಕ್ಕೆ ಗ್ರಂಥಾಲಯದಿಂದ ಬಂದು ಫೋನ್ ಹಚ್ಚಿದರೆ ಇಲ್ಲಿ ಹತ್ತೂವರೆ, ಅವ್ವ ಮಲಗಿರುತ್ತಾಳೆ. ದಸರಾ, ದೀಪಾವಳಿ ಫೋನಿನ ಪರದೆಯಲ್ಲೇ ಕಳೆಯುತ್ತವೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ಗೆಳೆಯರು ತೇರಿನ ಮುಂದೆ ನಿಂತು ಕಳಿಸಿದ ವಿಡಿಯೊ ಬಂದು ಬೀಳುವುದು, ಸಾಮಾನ್ಯವಾಗಿ, ಸೆಮಿಸ್ಟರ್ ಪರೀಕ್ಷೆಗೆ ಕೆಲವೇ ವಾರ ಉಳಿದ ಜನವರಿಯಲ್ಲಿ.

ಇದಕ್ಕಿಂತ ಹೆಚ್ಚು ಕಾಡುವುದು ಸದ್ದಿಲ್ಲದ ಕೋಣೆ. ನಾಲ್ವರಿಗೊಂದು ರೂಮು, ಎರಡು ಬಕೆಟ್ಟು, ಒಂದೇ ಕನ್ನಡಿ. ಧಾರವಾಡದ ಓದು ಹೀಗೆ ನಡೆದದ್ದು. ಮುರುಘಾಮಠದ ಪ್ರಸಾದ ನಿಲಯದಲ್ಲಿ ಪಂಕ್ತಿಯಲ್ಲಿ ಕೂತು ಉಂಡು ಓದಿದವರು ಈ ಸೀಮೆಯ ಊರೂರಿನಲ್ಲೂ ಇದ್ದಾರೆ. ಅಲ್ಲಿ ಯಾರಿಗೂ ಒಬ್ಬರೇ ಇರುವ ಅಭ್ಯಾಸ ಆಗಲಿಲ್ಲ, ಯಾಕೆಂದರೆ ಒಬ್ಬರೇ ಇರಲು ಜಾಗವೇ ಇರಲಿಲ್ಲ. ಜರ್ಮನಿಯ ವಸತಿಯಲ್ಲಿ ರಾತ್ರಿ ಹತ್ತರ ಮೇಲೆ, ಭಾನುವಾರವಿಡೀ ಸದ್ದು ಮಾಡಬಾರದು. ಗೆಳೆಯನ ಬಾಗಿಲು ತಟ್ಟುವ ಮುನ್ನ ಸಂದೇಶ ಕಳಿಸಿ ಹೊತ್ತು ಗೊತ್ತುಮಾಡಿಕೊಳ್ಳಬೇಕು. ಚಹಾ ಕುಡಿಯಲು ಮುಂದಿನ ಗುರುವಾರದ ಮಾತು!

ಹಾಗಾಗಿ ಸಹಜವಾಗಿಯೇ ನಮ್ಮವರು ನಮ್ಮವರನ್ನು ಹುಡುಕುತ್ತಾರೆ. ಫ್ರಾಂಕ್‌ಫರ್ಟ್ ಸುತ್ತಿನಲ್ಲಿ ರೈನ್ ಮೈನ್ ಕನ್ನಡ ಸಂಘವಿದೆ, ಬ್ರಿಟನ್ನಿನಲ್ಲಿ 1983ರಿಂದ ಕನ್ನಡ ಬಳಗವಿದೆ. ಲಂಡನ್ನಿಗೆ ಹೋದವರಿಗಂತೂ ಥೇಮ್ಸ್ ದಂಡೆಯಲ್ಲಿ ಸಾಕ್ಷಾತ್ ಬಸವಣ್ಣನೇ ಸಿಗುತ್ತಾನೆ. ಲ್ಯಾಂಬೆತ್‌ನ ಆ ಪುತ್ಥಳಿ 2015ರ ನವೆಂಬರ್ 14ರಂದು ಅನಾವರಣಗೊಂಡಿತು, ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರ್ಗಿ ಮೂಲದ ನೀರಜ್ ಪಾಟೀಲರ ಓಡಾಟದ ಫಲ. ಹುನಗುಂದದ ಕಡೆಯವರಿಗೆ ಅದರ ಮುಂದೆ ನಿಂತಾಗ ನೆನಪಾಗುವುದು ಕೃಷ್ಣಾ–ಮಲಪ್ರಭೆಯರ ಕೂಡಲಸಂಗಮ. ಬಾಗೇವಾಡಿಯ ಹುಡುಗ ಮನೆ ಬಿಟ್ಟು ಓದಲು ಬಂದ ಊರು ಅದು.

ಸಂಘದ ಯುಗಾದಿಗೆ ಹೋಗಿ ಹೋಳಿಗೆ ಉಂಡು ಬರುವುದರಲ್ಲಿ ತಪ್ಪಿಲ್ಲ. ಮೊದಲ ಎರಡು ವಾರ ಬ್ಯಾಂಕು, ಸಿಮ್ಮು, ಪಾತ್ರೆಗಳನ್ನು ಹೊಂದಿಸಿಕೊಡುವವರು ಅವರೇ. ತೊಂದರೆಯಿರುವುದು ಐದು ತಿಂಗಳೂ ಅದೇ ಐದು ಮಂದಿಯ ಜೊತೆ ಅಡುಗೆ, ಅದೇ ಗುಂಪಿನ ಜೊತೆ ಪ್ರವಾಸ, ಅದೇ ಭಾಷೆಯ ಸಿನಿಮಾ ಆದಾಗ. ಧಾರವಾಡಕ್ಕೆ ಬಂದವರು ಧಾರವಾಡದವರಾದದ್ದು ಊರಿನ ಗೆಳೆಯರ ಕೋಣೆಯಲ್ಲಲ್ಲ, ಮೆಸ್ಸಿನ ಉದ್ದ ಬೆಂಚಿನಲ್ಲಿ. ಅಂಥ ಬೆಂಚು ಅಲ್ಲಿಯೂ ಇದೆ. ವಿಶ್ವವಿದ್ಯಾಲಯದ ಅಗ್ಗದ ಊಟದ ಮನೆಯನ್ನು ಜರ್ಮನ್ನರು ‘ಮೆನ್ಸಾ’ ಎನ್ನುತ್ತಾರೆ, ಲ್ಯಾಟಿನ್ನಿನಲ್ಲಿ ಮೇಜು ಎಂದರ್ಥ. ತಟ್ಟೆ ಹಿಡಿದು ಗುರುತಿಲ್ಲದವರ ಎದುರು ಕೂತರೆ ‘ಮಾಲ್‌ಜೈಟ್’ ಎನ್ನುತ್ತಾರೆ, ಊಟದ ಹೊತ್ತಿನ ನಮಸ್ಕಾರ. ‘ಊಟ ಆತೇನ್ರಿ’ ಎಂಬುದನ್ನೇ ನಮಸ್ಕಾರ ಮಾಡಿಕೊಂಡ ನಾಡಿನಿಂದ ಬಂದವರಿಗೆ ಉತ್ತರ ಕೊಡಲು ತಡವಾಗಬಾರದು.

ಸೆಮಿಸ್ಟರ್ ಮುಗಿದಾಗ ಸರಪಳಿ ಹಿಂದುಮುಂದಾಗಿ ಬಿಚ್ಚಿಕೊಳ್ಳುತ್ತದೆ. ವಾಸದ ನೋಂದಣಿ ರದ್ದು, ವಿಮೆ ರದ್ದು, ರೇಡಿಯೊ ಶುಲ್ಕಕ್ಕೂ ಒಂದು ಕಾಗದ. ಗೋಡೆಗೆ ಹೊಡೆದ ಮೊಳೆಯ ತೂತು ಮುಚ್ಚಿಕೊಟ್ಟರಷ್ಟೇ ಮುಂಗಡ ಪೂರ್ತಿ ವಾಪಸ್. ಮರಳಿ ಊರು ಮುಟ್ಟಿದ ಮೇಲೆ ಒಂದೆರಡು ವಾರ ಬೇರೆ ಬಗೆಯ ಕಸಿವಿಸಿ. 1963ರಲ್ಲಿ ಗುಲ್ಲಾಹಾರ್ನ್ ದಂಪತಿ ಲಿಸ್ಗಾರ್ಡನ ಗೆರೆಗೆ ಇನ್ನೊಂದು ಇಳಿತ–ಏರು ಜೋಡಿಸಿ ‘ಡಬ್ಲ್ಯು’ ಮಾಡಿದ್ದು ಇದನ್ನು ಕಂಡೇ. ಖಾಲಿ ಬಾಟಲಿ ಎಸೆಯಲು ಕೈ ಬರುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಯಾವೂರು, ಯಾರ ಪೈಕಿ, ಪಗಾರ ಎಷ್ಟು ಎಂದು ಕೇಳಿದರೆ ಮೊದಲಿಲ್ಲದ ಮುಜುಗರ.

ಗುಡೂರ ಎಂಬ ಅಡ್ಡಹೆಸರಿನವರು ಗುಡೂರಿಗಿಂತ ಹೊರಗಿನ ಊರುಗಳಲ್ಲೇ ಹೆಚ್ಚು ಸಿಗುತ್ತಾರೆ. ಊರೊಳಗೆ ಆ ಹೆಸರಿನಿಂದ ಯಾರನ್ನು ಗುರುತಿಸುವುದು, ಎಲ್ಲರೂ ಗುಡೂರದವರೇ. ಅಲ್ಲಿ ಕಸುಬಿನ ಹೆಸರು, ಮನೆತನದ ಹೆಸರು ನಡೆಯುತ್ತದೆ. ಎಂದೋ ಯಾರೋ ಹೊಟ್ಟೆಪಾಡಿಗೋ ಮಗ್ಗಕ್ಕೋ ಬೇರೆ ಊರಿಗೆ ಹೋಗಿ ನಿಂತಾಗ ಅಲ್ಲಿಯ ಜನ ಅವರನ್ನು ‘ಗುಡೂರದವರು’ ಎಂದು ಕರೆದಿರಬೇಕು, ಹೆಸರು ಹಾಗೇ ಅಂಟಿರಬೇಕು. ಜರ್ಮನಿಯ ಆ ಅಂಚೆ ಪೆಟ್ಟಿಗೆಯ ಮೇಲೆ ಮಾರ್ಚ್ ಕೊನೆಗೆ ಮನೆ ಮಾಲೀಕ ಉಗುರಿನಿಂದ ಚೀಟಿ ಕೀಳುತ್ತಾನೆ. ಅಂಟು ಗಟ್ಟಿಯಿದ್ದರೆ ಕೊನೆಯ ಅಕ್ಷರ ಒಂದಿಷ್ಟು ದಿನ ಅಲ್ಲೇ ಉಳಿಯುತ್ತದೆ.